ಗೂಳಿ, ಕರಡಿ ಮತ್ತು ನಮ್ಮ ತೊಗರಿ



ಷೇರುಪೇಟೆಯ ಬಗ್ಗೆ ಮಾತಾಡು ಎಂದಿದ್ದೀರಿ. ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಏರಿಳಿತ ಹೊಸದಲ್ಲ. ಕಲಬುರಗಿ ಎಪಿಎಂಸಿಯ ತೊಗರಿ ದರವೇ ಅದನ್ನು ಕಲಿಸಿದೆ. 2015ರ ಕೊನೆಗೆ ತೊಗರಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು. ಗೂಳಿ ಓಡುತ್ತಿದೆ, ಇದ್ದಬದ್ದ ಹೊಲಕ್ಕೆಲ್ಲ ತೊಗರಿ ಹಾಕು ಎಂದು ಅಣ್ಣನಿಗೆ ಹೇಳಿದವನು ನಾನೇ. ಎಲ್ಲರೂ ಹಾಗೇ ಬಿತ್ತಿದರು. ಮಳೆಯೂ ಆಯಿತು, ಹೊರದೇಶದ ಕಾಳೂ ಬಂತು. ರಾಶಿಯ ಹೊತ್ತಿಗೆ ದರ, ಬೋನಸ್ ಸೇರಿ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಕೆಳಗೆ. ಅಣ್ಣ ಖರೀದಿ ಕೇಂದ್ರದ ಮುಂದೆ ಚೀಲಗಳ ಮೇಲೆ ಎರಡು ರಾತ್ರಿ ಮಲಗಿದ. ನನಗೊಂದು ಮಾತು ಬಯ್ಯಲಿಲ್ಲ.

ನಾನು ನೋಡಿದ್ದು ದರವನ್ನು, ದಿಕ್ಕನ್ನಲ್ಲ. ಷೇರುಪೇಟೆಯಲ್ಲಿ ಶಿಖರದಿಂದ ಶೇ 20 ಇಳಿದರೆ ಕರಡಿ, ತಳದಿಂದ ಶೇ 20 ಏರಿದರೆ ಗೂಳಿ ಎನ್ನುವುದು ರೂಢಿ. ಅಂದರೆ ಹೆಸರು ಸಿಗುವಷ್ಟರಲ್ಲಿ ಸಾಕಷ್ಟು ದಾರಿ ಸವೆದಿರುತ್ತದೆ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ದ ಕೆಳಗಿತ್ತು. ಅದೇ ತಳವೆಂದು ಆ ದಿನ ಯಾರಿಗೆ ಗೊತ್ತಿತ್ತು? ನವೆಂಬರಿನಲ್ಲಿ ಹಳೆಯ ಶಿಖರವನ್ನೇ ದಾಟಿತು.

ಅಣ್ಣ ಈಗ ದರ ಕೇಳುವ ಮೊದಲು ಸುತ್ತಲ ಊರುಗಳಲ್ಲಿ ಎಷ್ಟು ಎಕರೆ ಬಿತ್ತಿದ್ದಾರೆ ಎಂದು ವಿಚಾರಿಸುತ್ತಾನೆ. ನನಗೆ ಮಾತ್ರ ಫೋನ್ ಮಾಡುವುದಿಲ್ಲ.