ಒಂಟಿ ನಾವಿಕನ ಗಂಟುಮೂಟೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಪುಟ್ಟ ಹಾಯಿದೋಣಿಯಲ್ಲಿ ಒಬ್ಬನೇ ಸಾಗರ ದಾಟಿ ನೋಡು ಎಂಬ ಮಾತನ್ನೂ ಅದಕ್ಕೆ ಸೇರಿಸಬಹುದಿತ್ತು. ಮನೆ ಕಟ್ಟುವವನು ಮರೆತ ಮೊಳೆಯನ್ನು ಮರುದಿನ ಪೇಟೆಯಿಂದ ತಂದಾನು. ಕಡಲ ನಡುವೆ ಪೇಟೆಯಿಲ್ಲ. ಆದ್ದರಿಂದ ಒಂಟಿ ಯಾನದ ಅರ್ಧ ಕೆಲಸ ದಡದಲ್ಲಿಯೇ ಮುಗಿಯಬೇಕು. ಅದೂ ಕೈಯಲ್ಲಿ ಹಣ ಕಡಿಮೆಯಿದ್ದರೆ, ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಪ್ರಾಣರಕ್ಷಕವಾಗುತ್ತದೆ.

ಇಂಥ ಯಾನ ಸಿರಿವಂತರ ಹವ್ಯಾಸವೆಂದು ನಾವು ಭಾವಿಸುವುದುಂಟು. ಆದರೆ ಭೂಮಂಡಲವನ್ನು ಮೊಟ್ಟಮೊದಲು ಒಬ್ಬರೇ ಹಾಯಿದೋಣಿಯಲ್ಲಿ ಸುತ್ತಿ ಬಂದವರು ಕೈ ಬರಿದಾಗಿದ್ದ ಒಬ್ಬ ಕಪ್ತಾನರು. ಅವರ ಹೆಸರು ಜೋಶುವಾ ಸ್ಲೋಕಮ್. ಉಗಿಹಡಗುಗಳು ಬಂದು ಹಾಯಿಹಡಗುಗಳ ಕಾಲ ಮುಗಿಯುತ್ತಿದ್ದಾಗ ಅವರು ಕೆಲಸವಿಲ್ಲದೆ ಕುಳಿತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಫೇರ್‌ಹೇವನ್ ಎಂಬ ಊರಿನಲ್ಲಿ ಹಳೆಯ ದೋಣಿಯೊಂದನ್ನು ಪರಿಚಿತರೊಬ್ಬರು ಅವರಿಗೆ ಕೊಟ್ಟರು. ಹೋಗಿ ನೋಡಿದರೆ ಅದು ಹೊಲದಲ್ಲಿ ಊರೆಗೋಲುಗಳ ಮೇಲೆ ನಿಂತಿತ್ತು! ಸ್ಲೋಕಮ್ ಬೇಸರಪಡಲಿಲ್ಲ. ಹತ್ತಿರದ ಓಕ್ ಮರ ಕಡಿದು ದೋಣಿಯ ಅಡಿಮರ ಮಾಡಿದರು. ಉಗಿಯಲ್ಲಿ ಬೇಯಿಸಿ ಪಕ್ಕೆಲುಬುಗಳನ್ನು ಬಾಗಿಸಿದರು. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಹೊದಿಸಿದರು. 13 ತಿಂಗಳ ದುಡಿಮೆ ಅವರದೇ. ಸಾಮಾನಿಗೆ ತಗುಲಿದ್ದು 553 ಡಾಲರು 62 ಸೆಂಟು. ಹೀಗೆ ಸಿದ್ಧವಾದ 36 ಅಡಿ 9 ಅಂಗುಲದ 'ಸ್ಪ್ರೇ' ದೋಣಿಯಲ್ಲಿ 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟರು. 46,000 ಮೈಲಿಗೂ ಹೆಚ್ಚು ಸಾಗಿ 1898ರ ಜೂನ್ 27ರಂದು ನ್ಯೂಪೋರ್ಟಿಗೆ ಮರಳಿದರು. ಕಾಲಮಾಪಕ ಗಡಿಯಾರದ ದುರಸ್ತಿಗೆ 15 ಡಾಲರು ಕೇಳಿದರೆಂದು ಅದನ್ನು ಬಿಟ್ಟು, ಒಂದು ಡಾಲರಿಗೆ ಮುಖ ಒಡೆದ ತಗಡಿನ ಗಡಿಯಾರವನ್ನು ಕೊಂಡರು.

ಇಲ್ಲಿ ಅವರ ಜಾಣತನವನ್ನು ಗಮನಿಸಬೇಕು. ಗಡಿಯಾರದಲ್ಲಿ ಉಳಿಸಿದರು, ಹಲಗೆಯಲ್ಲಿ ಉಳಿಸಲಿಲ್ಲ. ನಕ್ಷತ್ರ, ಚಂದ್ರರನ್ನು ನೋಡಿ ದಾರಿ ತಿಳಿಯುವ ವಿದ್ಯೆ ತಲೆಯಲ್ಲಿತ್ತು. ಮರಕ್ಕೆ ಬದಲು ತಲೆಯಲ್ಲಿ ಏನಿದ್ದರೂ ಪ್ರಯೋಜನವಿಲ್ಲ.

ಎರಡನೆಯ ಪ್ರಶ್ನೆ ನಿದ್ರೆಯದು. ಒಬ್ಬನೇ ಇರುವವನು ಮಲಗಿದರೆ ಚುಕ್ಕಾಣಿ ಹಿಡಿಯುವವರು ಯಾರು? ಸ್ಪ್ರೇ ದೋಣಿಯ ಚುಕ್ಕಾಣಿಯನ್ನು ಕಟ್ಟಿಹಾಕಿ ಹಾಯಿಗಳನ್ನು ಹೊಂದಿಸಿದರೆ ಅದು ತಾನಾಗಿ ನೆಟ್ಟಗೆ ಓಡುತ್ತಿತ್ತು. ಎಲ್ಲ ದೋಣಿಗಳಿಗೂ ಈ ಗುಣವಿಲ್ಲ. ಅದಕ್ಕಾಗಿ ಬಂದದ್ದು ಗಾಳಿಪಟ್ಟಿಯ ಚುಕ್ಕಾಣಿ. ದೋಣಿ ದಾರಿ ತಪ್ಪಿದೊಡನೆ ಗಾಳಿ ಪಟ್ಟಿಯನ್ನು ತಳ್ಳುತ್ತದೆ. ಪಟ್ಟಿ ಚುಕ್ಕಾಣಿಯನ್ನು ತಿರುಗಿಸುತ್ತದೆ. ಎಣ್ಣೆ ಬೇಡ, ವಿದ್ಯುತ್ತು ಬೇಡ. ಇಂಗ್ಲೆಂಡಿನ ಹ್ಯಾಸ್ಲರ್ ಅವರು ಇಂಥದೊಂದನ್ನು ಅಳವಡಿಸಿದ ತಮ್ಮ 25 ಅಡಿಯ 'ಜೆಸ್ಟರ್' ದೋಣಿಯಲ್ಲಿ 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ 48 ದಿನಗಳಲ್ಲಿ ತಲುಪಿದರು.

ಮೂರನೆಯದು ನೀರು. ದಿನಕ್ಕೆ ಮೂರು ಲೀಟರಿನಂತೆ ಲೆಕ್ಕ ಹಾಕಿದರೂ ನೂರು ದಿನಕ್ಕೆ 300 ಲೀಟರಾಯಿತು, ಎಂದರೆ 300 ಕಿಲೋ ಭಾರ. ಅದನ್ನೆಲ್ಲ ಒಂದೇ ತೊಟ್ಟಿಯಲ್ಲಿ ತುಂಬುವುದು ಅಪಾಯ. ಕೆಟ್ಟರೆ ಎಲ್ಲವೂ ಕೆಟ್ಟಿತು. ಬೇರೆಬೇರೆ ಡಬ್ಬಗಳಲ್ಲಿ ಹಂಚಿಡಬೇಕು. ಹಾಯಿಯಿಂದ ಇಳಿಯುವ ಮಳೆನೀರನ್ನು ಹಿಡಿಯುವ ಏರ್ಪಾಡೂ ಬೇಕು.

ಈ ಪಾಠಗಳೆಲ್ಲ ಒಂದೇ ಯಾನದಲ್ಲಿ ಒರೆಗೆ ಹತ್ತಿದ್ದು 1968ರಲ್ಲಿ. ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತುವ ಪಂದ್ಯ ಅದು. ಒಂಬತ್ತು ಮಂದಿ ಹೊರಟರು. ಮುಗಿಸಿದವರು ಒಬ್ಬರೇ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 32 ಅಡಿಯ 'ಸುಹೈಲಿ' ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಿಂದ. ಹೊಸ ದೋಣಿಗೆ ಹಣ ಒದಗದೆ ಅವರು ಇದ್ದುದನ್ನೇ ಹಿಡಿದು ಹೊರಟವರು. ಆದರೆ ಅದೇ ದೋಣಿಯಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಹಿಂದೆಯೇ ಹೋಗಿದ್ದರು. ಅದರ ಒಂದೊಂದು ಸಂದುಗೊಂದೂ ಗೊತ್ತು. ತಳದ ಸಂದಿನಿಂದ ನೀರು ಒಸರಿದಾಗ ಕಡಲಿಗಿಳಿದು ಮುಳುಗಿ, ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಹೊಡೆದರು. ಕುಡಿಯುವ ನೀರು ಕೆಟ್ಟಿತು, ಮಳೆ ಹಿಡಿದರು. ರೇಡಿಯೋ ಮೂಕವಾಯಿತು, ಗಾಳಿಪಟ್ಟಿಯ ಚುಕ್ಕಾಣಿ ಮುರಿಯಿತು, ಹಾಯಿಗಳನ್ನೇ ಹದವಾಗಿ ಹೊಂದಿಸಿ ಸಾಗಿದರು. ಎಂಜಿನ್ನಿನ ಬಿಡಿಭಾಗದ ಸಂದನ್ನು ಅಳೆಯುವ ಸಾಧನವಿಲ್ಲದಾಗ ಪುಸ್ತಕದ ಹಾಳೆಗಳನ್ನೆಣಿಸಿ ಅಳತೆ ಹಿಡಿದರು. 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು, ಹೊರಟ ಫಾಲ್‌ಮತ್ ಬಂದರಿಗೇ ಬಂದರು.

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬವರೂ ಇದ್ದರು. ಮೂರು ಒಡಲಿನ ಹೊಸ ಮಾದರಿಯ ದೋಣಿ, ವಿದ್ಯುತ್ ಉಪಕರಣಗಳ ದೊಡ್ಡ ದೊಡ್ಡ ಯೋಜನೆ, ಎಲ್ಲವೂ ಅವರಿಗಿತ್ತು. ಇಲ್ಲದಿದ್ದುದು ಸಮಯ. ಹೊರಡಲು ಕೊನೆಯ ದಿನವಾದ 1968ರ ಅಕ್ಟೋಬರ್ 31ರಂದು ಅರೆಬರೆ ಕೆಲಸದ ದೋಣಿಯಲ್ಲಿಯೇ ಹೊರಟರು. ಶಸ್ತ್ರಾಭ್ಯಾಸ ಯುದ್ಧಕಾಲದಲ್ಲಿ ಎಂಬಂತಾಯಿತು. ಬೇಗನೆ ನೀರು ಒಳನುಗ್ಗತೊಡಗಿತು. ಹಿಂತಿರುಗೋಣವೆಂದರೆ, ಯಾನ ಅರ್ಧಕ್ಕೆ ನಿಂತರೆ ಹಣ ಹೂಡಿದವರಿಂದ ದೋಣಿಯನ್ನು ತಾವೇ ಕೊಳ್ಳಬೇಕೆಂಬ ಕರಾರು; ಅದರಿಂದ ಸಂಸಾರವೇ ಬೀದಿಗೆ ಬೀಳುವ ಭಯ. ಅತ್ತ ದರಿ, ಇತ್ತ ಪುಲಿ. ಅಟ್ಲಾಂಟಿಕ್ಕಿನಲ್ಲಿಯೇ ಸುತ್ತಾಡುತ್ತ, ಭೂಮಿಯನ್ನು ಸುತ್ತುತ್ತಿರುವುದಾಗಿ ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳುಹಿಸಿದರು. 1969ರ ಜುಲೈ 10ರಂದು ದೋಣಿ ಸಿಕ್ಕಿತು. ಅದರಲ್ಲಿ ಯಾರೂ ಇರಲಿಲ್ಲ. ನಾಕ್ಸ್-ಜಾನ್‌ಸ್ಟನ್ ತಾವು ಗೆದ್ದ 5,000 ಪೌಂಡುಗಳನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಡಲಿನಲ್ಲಿ ಜೀವನ್ಮರಣದ ಮಾತಾಗುವುದು ಹೀಗೆ. ಸ್ವಂತ ದುಡ್ಡಿನ ಹಳೆಯ ದೋಣಿಯವನು ಆಗದೆಂದು ತೋರಿದ ದಿನ ಹತ್ತಿರದ ಬಂದರಿಗೆ ತಿರುಗಬಲ್ಲ. ಋಣದ ದೋಣಿಯವನಿಗೆ ಆ ಸ್ವಾತಂತ್ರ್ಯವಿಲ್ಲ.

ಹಾಗೆಂದು ಎಲ್ಲದರಲ್ಲಿಯೂ ಜಿಪುಣತನ ಸಲ್ಲದು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರು 2018ರಲ್ಲಿ, ಸುಹೈಲಿಯ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ 'ತುರಿಯಾ' ದೋಣಿಯಲ್ಲಿ ಹೊರಟಿದ್ದರು. ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ದೋಣಿಯನ್ನು ಉರುಳಿಸಿ ಹಾಯಿಕಂಬವನ್ನು ಮುರಿಯಿತು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಏಳಲಾರದಾದರು. ಉಪಗ್ರಹದ ಮೂಲಕ ಹೋದ ಸಂದೇಶದಿಂದಾಗಿ ಫ್ರೆಂಚ್ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. ಇಂದು ಅಪಾಯ ಸೂಚಿಸುವ ಇಂಥ ಉಪಕರಣವನ್ನು ಬಿಟ್ಟು ಹೋಗುವುದು ಮಿತವ್ಯಯವಲ್ಲ, ಮೌಢ್ಯ.

ಹಾಗಾದರೆ ಬಡ ನಾವಿಕನ ಪಟ್ಟಿ ಹೀಗೆ ನಿಲ್ಲುತ್ತದೆ: ಮೊದಲು ಗಟ್ಟಿ ಒಡಲು, ಚುಕ್ಕಾಣಿ, ಹಾಯಿ, ಆಮೇಲೆ ನೀರು, ಊಟ, ಕೈಹತಾರಗಳು, ಜೊತೆಗೆ ಅಪಾಯದ ಕರೆಗೊಂದು ಸಾಧನ. ಉಳಿದದ್ದು ಹಣವಿದ್ದರೆ, ಜಾಗವಿದ್ದರೆ. ಕೊಂಡ ಪ್ರತಿಯೊಂದು ವಸ್ತುವನ್ನೂ ಕತ್ತಲಲ್ಲಿ, ಒದ್ದೆ ಕೈಯಲ್ಲಿ, ತಾನೊಬ್ಬನೇ ದುರಸ್ತಿ ಮಾಡಬಲ್ಲೆನೇ ಎಂದು ಕೇಳಿಕೊಳ್ಳಬೇಕು. ಅದಕ್ಕೆ ಹೌದೆಂಬ ಉತ್ತರ ಬರುವವರೆಗೂ ಹಗ್ಗ ಬಿಚ್ಚದಿರುವುದೇ ಒಳ್ಳೆಯದು. ಕಡಲು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.