ಪಡಸಾಲೆಗೆ ಮರಳಿದ ಜೈಮಿನಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಕಡೂರು ತಾಲ್ಲೂಕಿನ ದೇವನೂರು ನನ್ನ ಹಿರಿಯರ ಊರು. ಲಕ್ಷ್ಮೀಕಾಂತಸ್ವಾಮಿಯ ಗುಡಿಯಿರುವ ಈ ಊರನ್ನು ಕನ್ನಡ ಜನ ನೆನೆಯುವುದು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಹೆಸರಿನೊಡನೆ. ಕವಿಯ ಕಾಲದೇಶಗಳ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ನಾನಿಂದು ಹೇಳಹೊರಟಿರುವುದು ಆ ಕಾವ್ಯ ನಮ್ಮ ಮನೆಯಿಂದ ಹೊರಟುಹೋದ ಬಗೆಯನ್ನು, ಮತ್ತೆ ಹೊಸಿಲು ದಾಟಿ ಒಳಗೆ ಬಂದ ಬಗೆಯನ್ನು.

ನನ್ನ ಬಾಲ್ಯದಲ್ಲಿ ಶ್ರಾವಣದ ಸಂಜೆಗಳಲ್ಲಿ ತಂದೆಯವರು ಪಡಸಾಲೆಯಲ್ಲಿ ಕುಳಿತು ಜೈಮಿನಿಯನ್ನು ಓದುತ್ತಿದ್ದರು. ಸುಧನ್ವನ ಪ್ರಸಂಗಕ್ಕೆ ಒಂದು ರಾಗ, ಸೀತಾಪರಿತ್ಯಾಗಕ್ಕೆ ಇನ್ನೊಂದು. ವ್ಯಾಸಪೀಠದ ಮುಂದಿನ ಮಣೆ ಗಂಡಸರಿಗೆ ಮೀಸಲು. ತಾಯಿಯವರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಅಕ್ಷರ ಬಾರದ ಅವರಿಗೆ ನೂರಾರು ಪದ್ಯಗಳು ಕಂಠಸ್ಥವಾಗಿದ್ದವು. ನಾನು ಮಾತ್ರ ಪಟ್ಟಣದ ಕಾಲೇಜು ಸೇರಿದ ಮೇಲೆ ಅದನ್ನು ಹಳ್ಳಿಯ ಮುದುಕರ ಕಾಲಕ್ಷೇಪವೆಂದು ಎಣಿಸಿದೆ. ತಂದೆಯವರು ಒಮ್ಮೆ ಪುಸ್ತಕವನ್ನು ನನ್ನತ್ತ ಸರಿಸಿ, "ಈ ಸಂಧಿಯನ್ನು ನೀನು ಓದು" ಎಂದಾಗ ತಲೆನೋವೆಂದು ಎದ್ದುಹೋದೆ. ಅವರು ಮತ್ತೆ ಕರೆಯಲಿಲ್ಲ. ಅವರೊಡನೆ ಆ ರಾಗಗಳೂ ಹೋದವು. ಯಾರೂ ಅವನ್ನು ಧ್ವನಿಮುದ್ರಿಸಿರಲಿಲ್ಲ.

ಕನ್ನಡವೇನು ಅಳಿದುಹೋಗುತ್ತಿರುವ ಭಾಷೆಯಲ್ಲ, ನಿಜ. ಆದರೆ ಒಂದು ಭಾಷೆ ಬದುಕಿದ್ದೂ ಅದರೊಳಗಿನ ಒಂದು ಅಂತಸ್ತು ಕತ್ತಲಾಗಬಹುದು. ಜೈಮಿನಿಯ ವಾರ್ಧಕ ಷಟ್ಪದಿಯನ್ನೇ ನೋಡಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ನಾಲ್ಕು ಗಣಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅಂಥ ಆರು ಗಣಗಳು, ಕೊನೆಗೊಂದು ಗುರು. ಸಂಧಿಯಾಗಿ ಬೆಸೆದುಕೊಂಡ ಪದಗಳು ಸಾಲಿನಿಂದ ಸಾಲಿಗೆ ಹರಿಯುತ್ತವೆ. ಅಚ್ಚಿನ ಪುಟದಲ್ಲಿ ಕಣ್ಣು ಅಲ್ಲಿ ತೊಡರುತ್ತದೆ. ಗಮಕಿಯ ದನಿ ಪದವನ್ನು ಬಿಡಿಸಿದೊಡನೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಹೀಗೆ ಓದಿನ ದನಿ ನಿಂತ ಮನೆಯಲ್ಲಿ ಪುಸ್ತಕವಿದ್ದೂ ಕಾವ್ಯವಿರುವುದಿಲ್ಲ.

ಈ ಸಂಕಟ ನಮ್ಮದು ಮಾತ್ರವಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಲಿಕ್ ಭಾಷೆಯನ್ನು ನೋಡಿ. 1872ರ ಶಿಕ್ಷಣ ಕಾಯಿದೆ ಅದರ ಹೆಸರನ್ನೇ ಎತ್ತಲಿಲ್ಲ. 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್ ನಗರಗಳಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ತರಗತಿಗಳು ತೆರೆದವು. 2005ರಲ್ಲಿ ಆ ಭಾಷೆಗೆಂದೇ ಕಾಯಿದೆಯಾಯಿತು. ಆದರೂ ಶಾಲೆಯಲ್ಲಿ ಕಲಿತವರೆಲ್ಲ ಮನೆಯಲ್ಲಿ ಅದನ್ನು ಆಡುವುದಿಲ್ಲವೆಂಬ ಕೊರಗು ಅಲ್ಲಿದೆ. ಇನ್ನೊಂದೆಡೆ, 1881ರಲ್ಲಿ ಜೆರುಸಲೆಮ್ಮಿಗೆ ಬಂದ ಬೆನ್ ಯೆಹೂದಾ, ಮರುವರ್ಷ ಹುಟ್ಟಿದ ತನ್ನ ಮಗನೊಡನೆ ಹೀಬ್ರೂವಲ್ಲದೆ ಬೇರೆ ಮಾತು ಆಡಗೊಡಲಿಲ್ಲ. ಆ ಎಳೆಯನಿಗೆ ಆಡಲು ಜೊತೆಗಾರರಿಲ್ಲದಂತಾಯಿತು. ಅಷ್ಟು ಕಠೋರತೆ ನನ್ನಿಂದಾಗದು; ಮನೆಯಲ್ಲಿ ನೆಲೆಯೂರದ್ದು ಶಾಲೆಯಲ್ಲಿ ನಿಲ್ಲದು ಎಂಬ ಮಾತನ್ನಷ್ಟೇ ಅಲ್ಲಿಂದ ಎತ್ತಿಕೊಂಡೆ.

ನನ್ನ ಕಣ್ಣು ತೆರೆಸಿದವರು ತಾಯಿ. ಕೊನೆಯ ದಿನಗಳಲ್ಲಿ ಅವರಿಗೆ ನನ್ನ ಹೆಸರೂ ಮರೆತಿತ್ತು. ಒಂದು ಸಂಜೆ ಹಾಸಿಗೆಯ ಬಳಿ ಕುಳಿತು, ಹಳೆಯ ಪುಸ್ತಕ ತೆಗೆದು, ತಡವರಿಸುತ್ತ ಚಂದ್ರಹಾಸನ ಕತೆಯ ಒಂದು ಪದ್ಯ ಓದಿದೆ. ಮೂರನೆಯ ಸಾಲಿನಲ್ಲಿ ತಪ್ಪಾಗಿ ಪದ ಒಡೆದೆ. ಕಣ್ಣು ಮುಚ್ಚಿದ್ದಂತೆಯೇ ತಾಯಿಯವರು ಅದನ್ನು ತಿದ್ದಿ, ಉಳಿದ ಸಾಲುಗಳನ್ನು ತಂದೆಯವರ ರಾಗದಲ್ಲೇ ಮುಗಿಸಿದರು. ನಮ್ಮ ಮನೆಯಲ್ಲಿ ಉಳಿದಿರುವ ರಾಗ ಅದೊಂದೇ.

ಆ ಬಳಿಕ ನಮ್ಮ ಮನೆಯಲ್ಲಿ ಒಂದು ಸಣ್ಣ ನೇಮ ಮಾಡಿಕೊಂಡೆವು: ರಾತ್ರಿಯ ಊಟಕ್ಕೆ ಮುನ್ನ ಒಂದೇ ಒಂದು ಪದ್ಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಮೊದಲ ವಾರ ಆಕಳಿಸಿದಳು. ಆದರೆ ಹೇಳಿದ್ದಕ್ಕೆಲ್ಲ ವಿರುದ್ಧ ಮಾಡುವ ಉದ್ದಾಲಕನ ಹೆಂಡತಿ ಚಂಡಿಯ ಕತೆ ಬಂದಾಗ ಬಿದ್ದು ಬಿದ್ದು ನಕ್ಕಳು. ಚಂಡಿ ಶಾಪದಿಂದ ಕಲ್ಲಾದದ್ದು, ಆ ಕಲ್ಲಿಗೆ ಯಜ್ಞದ ಕುದುರೆ ಅಂಟಿಕೊಂಡದ್ದು ತಿಳಿದ ಮೇಲೆ, "ಅವಳದು ಅಷ್ಟು ದೊಡ್ಡ ತಪ್ಪೇ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯದನ್ನು ಉಳಿಸುವುದೆಂದರೆ ಅದಕ್ಕೆ ತಲೆಬಾಗುವುದಷ್ಟೇ ಅಲ್ಲ, ಅದರೊಡನೆ ವಾದಿಸುವುದೂ ಹೌದೆಂದು ಆಗ ತಿಳಿಯಿತು.

ನಮಗೆ ತೊಡಕಾದ ಕಡೆ ನೆರವಾದವರು ಗಮಕಿಗಳು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಅಂಥವರ ವಾಚನದ ಧ್ವನಿಮುದ್ರಣಗಳು ಇಂದು ಅಂಗೈಯ ದೂರವಾಣಿಯಲ್ಲೇ ದೊರೆಯುತ್ತವೆ. ಆದರೆ ಯಂತ್ರ ನಮ್ಮ ತಪ್ಪನ್ನು ತಿದ್ದುವುದಿಲ್ಲ. ತಿದ್ದುವ ಕಿವಿಯೊಂದು ಮನೆಯಲ್ಲಿ ಇರಬೇಕು.

ಕಳೆದ ಶ್ರಾವಣದಲ್ಲಿ ದೇವನೂರಿಗೆ ಹೋಗಿದ್ದೆವು. ಹಳೆಯ ಪಡಸಾಲೆಯ ಅದೇ ಮಣೆಯ ಮೇಲೆ, ನನ್ನ ತಾಯಿ ಎಂದೂ ಕೂರದ ಜಾಗದಲ್ಲಿ, ಮೊಮ್ಮಗಳು ಕುಳಿತು ಚಂದ್ರಹಾಸನ ಆ ಪದ್ಯವನ್ನು ಓದಿದಳು. ಉಳಿದಿದ್ದ ಆ ಒಂದೇ ರಾಗ. ಮೂರನೆಯ ಸಾಲಿನಲ್ಲಿ, ನಾನು ತಪ್ಪಿದ್ದಲ್ಲೇ, ಅವಳೂ ತಪ್ಪಿದಳು.

ಈ ಬಾರಿ ತಿದ್ದುವ ಸರದಿ ನನ್ನದಾಗಿತ್ತು. ತಿದ್ದಿದೆ.