ವೊಂಬ್ಯಾಟ್ ಮರಿಗೊಂದು ಸೀರೆಯ ಚೀಲ



ಸದಾಶಿವ ಪೇಠದ ನಮ್ಮ ಓಣಿಯಲ್ಲಿ ಪಾರಿವಾಳ, ಬೆಕ್ಕು, ಅಪರೂಪಕ್ಕೊಂದು ಅಳಿಲು ನೋಡಿಕೊಂಡಿದ್ದವಳು ನಾನು. ಕಳೆದ ವರ್ಷ ಆಸ್ಟ್ರೇಲಿಯಾದ ಹೋಬಾರ್ಟಿಗೆ, ಮಗಳ ಮನೆಗೆ ಹೊರಟಾಗ ಕಾಂಗರೂ ನೋಡಬೇಕೆಂಬುದೊಂದೇ ಆಸೆ. ಆದರೆ ಮನಸ್ಸಿನಲ್ಲಿ ಉಳಿದದ್ದು ವೊಂಬ್ಯಾಟ್.

ಟಾಸ್ಮೇನಿಯಾದ ಕ್ರೇಡಲ್ ಮೌಂಟನ್ ಬಳಿ, ರಾನಿ ಕ್ರೀಕ್ ಎಂಬಲ್ಲಿ, ಸಂಜೆಯಾದರೆ ಇವು ಬಿಲದಿಂದ ಹೊರಬಂದು ಹುಲ್ಲು ಮೇಯುತ್ತವೆ. ಗಿಡ್ಡ ಕಾಲು, ದುಂಡು ಮೈ. ದೂರದಿಂದ ಕರಡಿ ಮರಿಯೇ ಅನ್ನಬೇಕು. ಇದರ ಹಿಕ್ಕೆ ಚೌಕಾಕಾರ! "ಥೇಟ್ ಮೈಸೂರ್ ಪಾಕ್" ಎಂದೆ. ಮೊಮ್ಮಗ ಅಂದು ಸಿಹಿ ಮುಟ್ಟಲಿಲ್ಲ. ಕಾಂಗರೂವಿನಂತೆ ಇದಕ್ಕೂ ಹೊಟ್ಟೆಯಲ್ಲಿ ಚೀಲವಿದೆ, ಆದರೆ ಅದರ ಬಾಯಿ ಹಿಂದಕ್ಕೆ. ನೆಲ ಅಗೆಯುವಾಗ ಮರಿಯ ಮೇಲೆ ಮಣ್ಣು ಬೀಳಬಾರದಲ್ಲ!

ಕತ್ತಲಾದ ಮೇಲೆ ಶೆಫೀಲ್ಡ್ ಊರಿನ ಕಡೆ ಬರುತ್ತಿದ್ದೆವು. ರಸ್ತೆ ಬದಿಯಲ್ಲಿ ಒಂದು ವೊಂಬ್ಯಾಟ್ ಸತ್ತು ಬಿದ್ದಿತ್ತು. ಯಾವುದೋ ಗಾಡಿ ಬಡಿದಿರಬೇಕು. "ಪಾಪ, ನಡಿ" ಎಂದೆ. ಮಗಳು ಕಾರು ನಿಲ್ಲಿಸಿ ಟಾರ್ಚ್ ಹಿಡಿದು ಇಳಿದಳು. ಚೀಲದೊಳಗೆ ಕೂದಲಿಲ್ಲದ ಮರಿ, ಮೊಲೆತೊಟ್ಟು ಕಚ್ಚಿಕೊಂಡೇ ಉಸಿರಾಡುತ್ತಿತ್ತು. ನಾನು ಕೈ ಚಾಚಿದೆ. "ಅವ್ವಾ, ಎಳೀಬ್ಯಾಡ, ಅದರ ಬಾಯಿಗೆ ಗಾಯ ಆಗ್ತದ" ಎಂದು ತಡೆದು, ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿದಳು.

ಬಂದವರು ನನ್ನದೇ ವಯಸ್ಸಿನ ಸ್ವಯಂಸೇವಕಿ. ಮರಿಯನ್ನು ನಾಜೂಕಾಗಿ ಬಿಡಿಸಿ, ಹತ್ತಿಬಟ್ಟೆಯ ಚೀಲದಲ್ಲಿಟ್ಟು, ತಮ್ಮ ಸ್ವೆಟರಿನೊಳಗೆ ಸೇರಿಸಿಕೊಂಡರು. ಬೆಚ್ಚಗಿರಬೇಕು, ಕತ್ತಲಿರಬೇಕು, ಸದ್ದಿರಬಾರದು ಎಂದರು. ಕಾಡಿಗೆ ಬಿಡಲು ಸುಮಾರು ಎರಡು ವರ್ಷ ಸಾಕಬೇಕಂತೆ.

ಆ ರಾತ್ರಿ ನನಗೆ ನಿದ್ದೆಯಿಲ್ಲ. "ನಡಿ" ಎಂದ ನನ್ನ ಮಾತೇ ಚುಚ್ಚುತ್ತಿತ್ತು. ಮನೆಗೆ ಮರಳಿದ ಮೇಲೆ ನನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಆರು ಚೀಲ ಹೊಲಿದು ಕಳಿಸಿದೆ. 2019-20ರ ಕಾಳ್ಗಿಚ್ಚಿನಲ್ಲಿ ಅನಾಥವಾದ ಮರಿಗಳಿಗಾಗಿ ದೇಶವಿದೇಶಗಳ ಎಷ್ಟೋ ಹೆಣ್ಣುಮಕ್ಕಳು ಹೀಗೇ ಹೊಲಿದಿದ್ದರು. ಮೂರು ವಾರ ಬಿಟ್ಟು ಫೋಟೊ ಬಂತು: ಇಳಕಲ್ ದಡಿಯ ಸಂದಿಯಿಂದ ಇಣುಕುವ ಪುಟ್ಟ ಮೂಗು!

ಗೆಳತಿಯರೇ, ಸಿಂಹಗಡಕ್ಕೆ, ಭೀಮಾಶಂಕರಕ್ಕೆ ಹೋಗುವಾಗ ಗಾಡಿಗೆ ಸಿಕ್ಕ ಪ್ರಾಣಿ ಕಂಡು "ಪಾಪ" ಎಂದು ನಾವೂ ಮುಂದೆ ಹೋಗಿದ್ದೇವೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಈಗಲೇ ಮೊಬೈಲಿನಲ್ಲಿ ಬರೆದುಕೊಳ್ಳಿ. ಅಲ್ಲಿಯವರೆಗೆ ನಾನು ಇಲ್ಲೇ ನಿಂತಿರುತ್ತೇನೆ.